ಪೆನ್‌ಡ್ರೈವ್ ಹಾಕಿದೆ, ಪೈ ಏಳಲಿಲ್ಲ

ಪ್ರಾಜೆಕ್ಟ್ ರಿವ್ಯೂಗೆ ಎರಡೇ ದಿನ ಬಾಕಿ ಇತ್ತು. ರಾತ್ರಿ ಹನ್ನೊಂದರ ಸುಮಾರಿಗೆ ರನ್ನ ಬೆಳಗಲಿಯ ನಮ್ಮ ತೋಟದ ಮನೆಯಲ್ಲಿ ಕರೆಂಟು ಮೂರು ಸಲ ಹೋಗಿ ಮೂರು ಸಲ ಬಂತು. ಮೂರನೆಯ ಸಲ ಬಂದಾಗ ಬಲ್ಬು ಹೊತ್ತಿತು, ಮೋಟಾರು ಚಾಲೂ ಆಯಿತು. ಗೋಡೆಯ ಮೊಳೆಗೆ ತೂಗುಹಾಕಿದ್ದ ನಮ್ಮ ರಾಸ್ಪ್‌ಬೆರಿ ಪೈ ಮಾತ್ರ ಏಳಲಿಲ್ಲ. ಕೆಂಪು ದೀಪ ಉರಿಯುತ್ತಿತ್ತು, ಪಕ್ಕದ ಹಸಿರು ದೀಪ ಮಿಟುಕಲೇ ಇಲ್ಲ. ಕಬ್ಬಿಗೆ ನೀರು ಹಾಯಿಸಲು ಹೊರಟಿದ್ದ ಅಪ್ಪ ಬಾಗಿಲಲ್ಲಿ ಒಂದು ಕ್ಷಣ ನಿಂತು, ‘ಏನಪಾ, ನಿನ್ನ ಡಬ್ಬಿ ಮಕ್ಕೊಂಬಿಡ್ತೇನು?’ ಎಂದು ಕೇಳಿ ಬ್ಯಾಟರಿ ಹಿಡಿದು ಹೊರಟೇಹೋದರು.

ನಾನು ಎಲೆಕ್ಟ್ರಾನಿಕ್ಸ್ ವಿಭಾಗದ ಬಿಇ ವಿದ್ಯಾರ್ಥಿ. ಕಬ್ಬಿನ ಹೊಲದ ಮಣ್ಣಿನ ತೇವ ಅಳೆದು ಹತ್ತು ನಿಮಿಷಕ್ಕೊಮ್ಮೆ ಬರೆದಿಡುವುದು ನಮ್ಮ ನಾಲ್ವರ ಪ್ರಾಜೆಕ್ಟ್. ಹೊಲ ನಮ್ಮದು ಇದ್ದದ್ದರಿಂದ ಯಂತ್ರ ನಮ್ಮಲ್ಲೇ ಇತ್ತು. ಸೀನಿಯರ್ ಒಬ್ಬರಿಂದ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಪೈ 4 ಅದು. ಅಂಗೈ ಅಗಲದ ಹಲಗೆ, ಆದರೆ ಪೂರ್ತಿ ಕಂಪ್ಯೂಟರು. ಅದರ ಆಪರೇಟಿಂಗ್ ಸಿಸ್ಟಮ್ಮು, ನಮ್ಮ ಪ್ರೋಗ್ರಾಮು, ಮೂರು ವಾರದ ಲೆಕ್ಕ ಎಲ್ಲವೂ ಉಗುರಿನಷ್ಟು ದೊಡ್ಡ ಮೈಕ್ರೊ ಎಸ್‌ಡಿ ಕಾರ್ಡಿನಲ್ಲಿ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಇಂಥ ಕಾರ್ಡಿನ ಫೈಲುಗಳು ಕೆಡುತ್ತವೆ, ಒಮ್ಮೊಮ್ಮೆ ಕಾರ್ಡೇ ಕೆಡುತ್ತದೆ. ಪುಸ್ತಕದಲ್ಲಿ ಓದಿದ್ದೆ. ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿತು. ವೈಶಂಪಾಯನ ಸರೋವರದಲ್ಲಿ ಮುಳುಗಿ ಕುಳಿತ ದುರ್ಯೋಧನನಂತೆ ನನ್ನ ಡೇಟಾ ಒಳಗೇ ಎಲ್ಲೋ ಕುಳಿತಿತ್ತು. ನಾನು ಎಷ್ಟು ಕೂಗಿದರೂ ಹೊರಗೆ ಬರಲಿಲ್ಲ. (ರನ್ನನ ಹೆಸರಿನ ಊರಿನವನಿಗೆ ಗದಾಯುದ್ಧ ನೆನಪಾಗದೆ ಇರುತ್ತದೆಯೇ?)

ಗೆಳೆಯನಿಗೆ ಫೋನ್ ಮಾಡಿದೆ. ಅವನಿಗೆ ಗಾಬರಿಯೇ ಇಲ್ಲ. ‘ಲೇ, ನನ್ನ ಪೆನ್‌ಡ್ರೈವ್ ನಿನ್ನ ಬ್ಯಾಗಿನಾಗ ಐತಿ ನೋಡು. ಅದರಾಗ ಉಬುಂಟು ಐತಿ. ಚುಚ್ಚು, ಎದ್ದ ಏಳತೈತಿ’ ಎಂದ. ಆ ಪೆನ್‌ಡ್ರೈವ್ ನಮ್ಮ ಹಾಸ್ಟೆಲ್‌ನಲ್ಲಿ ಹೆಸರುವಾಸಿ. ವಿಂಡೋಸ್ ಕೈಕೊಟ್ಟ ಎಷ್ಟೋ ಲ್ಯಾಪ್‌ಟಾಪುಗಳನ್ನು ಪರೀಕ್ಷೆಯ ಹಿಂದಿನ ರಾತ್ರಿ ಎಬ್ಬಿಸಿದ ಕೀರ್ತಿ ಅದಕ್ಕಿದೆ. ನಿಮ್ಮಲ್ಲೂ ಹಲವರು ಮಾಡಿರುತ್ತೀರಿ: ಪೆನ್‌ಡ್ರೈವ್ ಹಾಕಿ, ಎಫ್12 ಒತ್ತಿ, ಪಟ್ಟಿಯಿಂದ ಅದನ್ನು ಆರಿಸಿದರೆ ಒಳಗಿನ ಹಾರ್ಡ್‌ಡಿಸ್ಕ್ ಮುಟ್ಟದೆಯೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್ ಎದ್ದು ನಿಲ್ಲುತ್ತದೆ.

ಚುಚ್ಚಿದೆ. ಅದೇ ಕೆಂಪು ದೀಪ, ಅದೇ ಕಪ್ಪು ಪರದೆ. ಪೈಯಲ್ಲಿ ಎಫ್12 ಒತ್ತಿದರೆ ಕೇಳುವವರೇ ಇಲ್ಲ.

ಏಳದಿರಲು ಕಾರಣ ಮೂರು

ಆ ರಾತ್ರಿ ಮತ್ತು ಮರುದಿನ ನಾನು ಕಲಿತದ್ದು ನಾಲ್ಕು ಸೆಮಿಸ್ಟರಿನಲ್ಲಿ ಕಲಿತದ್ದಕ್ಕಿಂತ ಹೆಚ್ಚು ಎಂದರೆ ನಮ್ಮ ಸರ್ ಬೇಸರ ಮಾಡಿಕೊಳ್ಳಬಹುದು. ಆದರೂ ಮಾತು ಸುಳ್ಳಲ್ಲ.

ಮೊದಲನೆಯದು ಭಾಷೆ. ನಮ್ಮ ನಿಮ್ಮ ಹೆಚ್ಚಿನ ಲ್ಯಾಪ್‌ಟಾಪುಗಳ ಒಳಗಿರುವುದು ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್. ಅವುಗಳ ಆದೇಶಗಳ ಭಾಷೆಗೆ ಎಕ್ಸ್86 ಎಂದು ಹೆಸರು. ಪೈ, ಮೊಬೈಲು, ಟ್ಯಾಬ್ ಇವುಗಳ ಒಳಗಿರುವುದು ಆರ್ಮ್. ಇಂಗ್ಲೆಂಡಿನ ಕೇಂಬ್ರಿಜ್‌ನ ಏಕಾರ್ನ್ ಎಂಬ ಸಣ್ಣ ಕಂಪನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಮಾಡಿದ ವಿನ್ಯಾಸ. ಮೊದಲ ಚಿಪ್ ಕೆಲಸ ಮಾಡಿದ್ದು 1985ರ ಏಪ್ರಿಲ್‌ನಲ್ಲಿ. ಎರಡೂ ಪ್ರೊಸೆಸರುಗಳೇ, ಆದರೆ ಒಂದರ ಆದೇಶ ಇನ್ನೊಂದಕ್ಕೆ ತಿಳಿಯುವುದಿಲ್ಲ. ಗೆಳೆಯನ ಪೆನ್‌ಡ್ರೈವಿನಲ್ಲಿದ್ದ ಉಬುಂಟು ಎಕ್ಸ್86 ಭಾಷೆಯದು. ಫೈಲಿನ ಹೆಸರಲ್ಲೇ ಈ ಜಾತಿ ಬರೆದಿರುತ್ತದೆ. ಲ್ಯಾಪ್‌ಟಾಪ್ ತನ್ನ ಪೆನ್‌ಡ್ರೈವಿನಲ್ಲಿ ‘ಬೂಟ್‌ಎಕ್ಸ್64’ ಎಂಬ ಫೈಲು ಹುಡುಕಿದರೆ, ಅದೇ ಪದ್ಧತಿ ಪಾಲಿಸುವ ಆರ್ಮ್ ಯಂತ್ರ ‘ಬೂಟ್‌ಎಎ64’ ಹುಡುಕುತ್ತದೆ.

ಸರಿ, ಆರ್ಮ್‌ಗೆ ಮಾಡಿದ ಉಬುಂಟು ತಂದು ಹಾಕಿದರಾಯಿತಲ್ಲ? ಅದನ್ನೂ ಮಾಡಿದೆ. ಮೊಬೈಲಿನ ಹಾಟ್‌ಸ್ಪಾಟ್‌ನಲ್ಲಿ ಡೌನ್‌ಲೋಡ್ ಆಗುವಷ್ಟರಲ್ಲಿ ಬೆಳಗಾಯಿತು. ಆಗಲೂ ಪೈ ಏಳಲಿಲ್ಲ.

ಎರಡನೆಯ ಕಾರಣ ಇಲ್ಲಿದೆ. ಕರೆಂಟು ಬಂದ ಕ್ಷಣ ಪ್ರೊಸೆಸರಿಗೆ ಉಬುಂಟು ಯಾವುದು, ಪೆನ್‌ಡ್ರೈವ್ ಎಂದರೇನು ಒಂದೂ ಗೊತ್ತಿರುವುದಿಲ್ಲ. ಚಿಪ್ಪಿನೊಳಗೆ ಕಾರ್ಖಾನೆಯಲ್ಲೇ ಅಳಿಸಲಾಗದಂತೆ ಬರೆದಿಟ್ಟ ಪುಟ್ಟ ಪ್ರೋಗ್ರಾಮೊಂದು ಮೊದಲು ಓಡುತ್ತದೆ. ‘ಮುಂದಿನ ಪ್ರೋಗ್ರಾಮು ಇಂಥ ಕಡೆ ಇದೆ, ಹೋಗಿ ತಾ’ ಎನ್ನುವಷ್ಟೇ ಬುದ್ಧಿ ಅದಕ್ಕೆ. ಹಾಗೆ ಒಂದರ ಕೈಹಿಡಿದು ಇನ್ನೊಂದು ಏಳುತ್ತಾ ಕೊನೆಗೆ ಲಿನಕ್ಸ್ ಏಳಬೇಕು. ಪೈಯಲ್ಲಂತೂ ಇನ್ನೂ ವಿಚಿತ್ರ: ಮೊದಲು ಎಚ್ಚರವಾಗುವುದು ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗ. ಆರ್ಮ್ ಪ್ರೊಸೆಸರನ್ನು ಅದೇ ಎಬ್ಬಿಸುತ್ತದೆ. ಮನೆಯ ಯಜಮಾನನನ್ನು ಮನೆಯ ಹುಡುಗ ಎಬ್ಬಿಸಿದ ಹಾಗೆ!

ಎಕ್ಸ್86 ಲೋಕದಲ್ಲಿ 1981ರ ಐಬಿಎಂ ಪಿಸಿಯಿಂದ ಈಚೆಗೆ ಎಲ್ಲ ಕಂಪನಿಗಳೂ ಹೆಚ್ಚು ಕಡಿಮೆ ಒಂದೇ ದಾರಿ ಹಿಡಿದವು. ಮೊದಲು ಬಯಾಸ್, ಆಮೇಲೆ ಅದರ ಉತ್ತರಾಧಿಕಾರಿ ಯುಇಎಫ್‌ಐ. ಹೀಗಾಗಿ ಒಂದು ಪೆನ್‌ಡ್ರೈವ್ ಊರಿನ ಎಲ್ಲ ಲ್ಯಾಪ್‌ಟಾಪುಗಳಲ್ಲೂ ನಡೆಯುತ್ತದೆ. ಆರ್ಮ್ ಬೆಳೆದದ್ದು ಮೊಬೈಲು, ರೌಟರು, ಸೆಟ್‌ಟಾಪ್ ಬಾಕ್ಸುಗಳಲ್ಲಿ. ಅಲ್ಲಿ ಗ್ರಾಹಕ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕುತ್ತಾನೆಂದು ಯಾರೂ ಯೋಚಿಸಲಿಲ್ಲ. ಯಾರ ಮನೆಯ ಬಾಗಿಲು ಯಾವ ದಿಕ್ಕಿಗೆ ಎಂಬುದು ಅವರವರ ಇಷ್ಟವಾಯಿತು.

ಮೂರನೆಯದು, ಯಂತ್ರದ ಒಳಗೇನಿದೆ ಎಂಬ ನಕ್ಷೆ. ಎಕ್ಸ್86 ಕಂಪ್ಯೂಟರು ‘ನನ್ನಲ್ಲಿ ಇಂಥ ಇಂಥ ಭಾಗಗಳಿವೆ’ ಎಂದು ತಾನೇ ಆಪರೇಟಿಂಗ್ ಸಿಸ್ಟಮ್ಮಿಗೆ ಒಪ್ಪಿಸುತ್ತದೆ. ಹೆಚ್ಚಿನ ಆರ್ಮ್ ಹಲಗೆಗಳಲ್ಲಿ ಆ ವ್ಯವಸ್ಥೆ ಇಲ್ಲ. ಯಾವ ವಿಳಾಸದಲ್ಲಿ ಯುಎಸ್‌ಬಿ ಇದೆ, ಯಾವ ಪಿನ್ನಿಗೆ ದೀಪ ಜೋಡಿಸಿದೆ ಎಂಬುದನ್ನು ‘ಡಿವೈಸ್ ಟ್ರೀ’ ಎಂಬ ಫೈಲಿನಲ್ಲಿ ನಾವೇ ಬರೆದು ಕೊಡಬೇಕು. ಮುಂಚೆ ಪ್ರತಿ ಹಲಗೆಗೂ ಲಿನಕ್ಸಿನೊಳಗೇ ಬೇರೆ ಬೇರೆ ಕೋಡ್ ತುರುಕುತ್ತಿದ್ದರು. 2011ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಈ ಗೊಂದಲಕ್ಕೆ ಸಿಟ್ಟಾಗಿ ಬೈದ ಮೇಲೆ ಡಿವೈಸ್ ಟ್ರೀ ಪದ್ಧತಿ ಗಟ್ಟಿಯಾಯಿತು. ನಮ್ಮ ಪೈಯ ನಕ್ಷೆ ಉಬುಂಟುವಿನಲ್ಲಿ ಇದ್ದೇ ಇರುತ್ತದೆ, ಹಾಗಾಗಿ ನನ್ನ ಕಷ್ಟ ಎರಡನೆಯ ಕಾರಣಕ್ಕೇ ಸೇರಿದ್ದು.

ಹಸಿರು ಪರದೆ

ಪೈ 4 ಮಾರುಕಟ್ಟೆಗೆ ಬಂದದ್ದು 2019ರ ಜೂನ್‌ನಲ್ಲಿ. ಆಗ ಅದಕ್ಕೆ ಯುಎಸ್‌ಬಿಯಿಂದ ಏಳಲು ಬರುತ್ತಿರಲಿಲ್ಲ. ಆ ವಿದ್ಯೆ ಬಂದದ್ದು 2020ರ ಫರ್ಮ್‌ವೇರ್ ಅಪ್‌ಡೇಟ್‌ನಲ್ಲಿ. ನಮ್ಮ ಸೀನಿಯರ್ ಮೊದಲ ಖೇಪಿನಲ್ಲೇ ಕೊಂಡವರು, ಆಮೇಲೆ ಅಪ್‌ಡೇಟ್ ಮಾಡಿರಲಿಲ್ಲ. ಒಳಗಿನ ಪುಟ್ಟ ಮೆಮೊರಿ ಚಿಪ್ಪಿನಲ್ಲಿ ಹಳೆಯ ಪ್ರೋಗ್ರಾಮೇ ಕುಳಿತಿತ್ತು. ನಾನು ಎಂಥ ಪೆನ್‌ಡ್ರೈವ್ ಹಾಕಿದರೂ ಅದು ತಿರುಗಿಯೂ ನೋಡುತ್ತಿರಲಿಲ್ಲ.

ಇದನ್ನು ಸರಿಪಡಿಸುವುದು ಸುಲಭ, ಆದರೆ ಒಂದು ಎಸ್‌ಡಿ ಕಾರ್ಡ್ ಬೇಕು! ಅವ್ವನ ಹಳೆಯ ಮೊಬೈಲಿನಿಂದ 8 ಜಿಬಿ ಕಾರ್ಡ್ ಬಿಚ್ಚಿದೆ. ಅದರಲ್ಲಿದ್ದ ಅಕ್ಕನ ಮದುವೆಯ ಫೋಟೊಗಳನ್ನು ಲ್ಯಾಪ್‌ಟಾಪಿಗೆ ನಕಲಿಸಿಕೊಂಡ ಮೇಲೆಯೇ ಅವ್ವ ಕೈಬಿಟ್ಟಳು. ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ಉಚಿತ ಪ್ರೋಗ್ರಾಮಿನಲ್ಲಿ ಬೂಟ್‌ಲೋಡರ್ ವಿಭಾಗಕ್ಕೆ ಹೋಗಿ ‘ಯುಎಸ್‌ಬಿ ಬೂಟ್’ ಆರಿಸಿ ಕಾರ್ಡಿಗೆ ಬರೆದೆ. ಪೈಗೆ ಹಾಕಿ ಕರೆಂಟು ಕೊಟ್ಟೆ. ಕೆಲವೇ ಕ್ಷಣಗಳಲ್ಲಿ ಹಸಿರು ದೀಪ ಪಟಪಟ ಮಿಟುಕಿ ಪರದೆ ಪೂರ್ತಿ ಹಸಿರಾಯಿತು. ಕೆಲಸ ಮುಗಿಯಿತೆಂಬುದಕ್ಕೆ ಅದೇ ಗುರುತು. ಗಣಿತದಲ್ಲಿ ನೂರಕ್ಕೆ ನೂರು ಬಂದಾಗಲೂ ನನಗೆ ಅಷ್ಟು ಖುಷಿ ಆಗಿರಲಿಲ್ಲ.

ಹೊಸ ಫರ್ಮ್‌ವೇರ್‌ಗೆ ಇನ್ನೊಂದು ಒಳ್ಳೆಯ ಗುಣವಿದೆ. ಏಳಲು ಆಗದಿದ್ದರೆ ಸುಮ್ಮನಿರುವುದಿಲ್ಲ, ಎಲ್ಲೆಲ್ಲಿ ಹುಡುಕಿದೆ, ಏನು ಸಿಗಲಿಲ್ಲ ಎಂದು ಪರದೆಯ ಮೇಲೆ ಬರೆದು ತೋರಿಸುತ್ತದೆ. ಹುಡುಕುವ ಕ್ರಮವನ್ನೂ ನಾವು ಬದಲಿಸಬಹುದು. ‘ಬೂಟ್ ಆರ್ಡರ್’ ಎಂಬ ಸಾಲಿನ ಕೊನೆಯಲ್ಲಿ ಎಫ್, 4, 1 ಎಂಬ ಗುರುತುಗಳಿರುತ್ತವೆ. ಉರ್ದು ಓದುವಂತೆ ಬಲದಿಂದ ಎಡಕ್ಕೆ ಓದಬೇಕು: 1 ಎಂದರೆ ಮೊದಲು ಎಸ್‌ಡಿ ಕಾರ್ಡ್ ನೋಡು, 4 ಎಂದರೆ ಆಮೇಲೆ ಯುಎಸ್‌ಬಿ ನೋಡು, ಎಫ್ ಎಂದರೆ ಎರಡೂ ಸಿಗದಿದ್ದರೆ ಮತ್ತೆ ಮೊದಲಿನಿಂದ ಶುರು ಮಾಡು. ನಿಮ್ಮ ಬಳಿ ಪೈ 3 ಬಿ ಇದ್ದರೆ ವಿಧಾನ ಬೇರೆ. ಅದರಲ್ಲಿ ಯುಎಸ್‌ಬಿ ಬೂಟ್‌ಗೆ ಅನುಮತಿ ಕೊಡುವ ಗುರುತು ಚಿಪ್ಪಿನಲ್ಲಿ ಒಂದೇ ಸಲ ಬರೆಯಬಹುದಾದ ಜಾಗಕ್ಕೆ ಹೋಗುತ್ತದೆ, ಹಚ್ಚೆ ಹಾಕಿಸಿಕೊಂಡ ಹಾಗೆ, ಅಳಿಸಲು ಬರುವುದಿಲ್ಲ. ಪೈ 3 ಬಿ ಪ್ಲಸ್‌ನಲ್ಲಿ ಆ ಅನುಮತಿ ಮೊದಲೇ ಇರುತ್ತದೆ.

ಪೆನ್‌ಡ್ರೈವ್ ಬದಲು ಗೆಳೆಯನ ಕೆಟ್ಟ ಲ್ಯಾಪ್‌ಟಾಪಿನಿಂದ ತೆಗೆದ 120 ಜಿಬಿ ಎಸ್‌ಎಸ್‌ಡಿಯನ್ನು ಅಡಾಪ್ಟರ್ ಮೂಲಕ ಜೋಡಿಸಿದೆ. ಪೆನ್‌ಡ್ರೈವೂ ದಿನವಿಡೀ ಬರೆಸಿಕೊಳ್ಳಲು ಮಾಡಿದ್ದಲ್ಲ, ಎಸ್‌ಎಸ್‌ಡಿ ಹೆಚ್ಚು ತಾಳುತ್ತದೆ. ಈ ಸಲ ಲಿನಕ್ಸ್ ಅರ್ಧ ಎದ್ದು ನಿಂತುಬಿಟ್ಟಿತು. ಮೂಲೆಯಲ್ಲಿ ಹಳದಿ ಮಿಂಚಿನ ಚಿಹ್ನೆ. ಕರೆಂಟು ಸಾಲದು ಎಂದು ಅದರ ಅರ್ಥ. ನಾನು ಹಾಕಿದ್ದು ಮೊಬೈಲ್ ಚಾರ್ಜರು. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಬೇಕು. ಬಾಗಲಕೋಟೆಯಿಂದ ಸರಿಯಾದ ಅಡಾಪ್ಟರ್ ತರಿಸುವಷ್ಟರಲ್ಲಿ ಅರ್ಧ ದಿನ ಹೋಯಿತು. ಅದನ್ನು ಹಾಕಿದ ಮೇಲೂ ಡಿಸ್ಕ್ ನಡುನಡುವೆ ತಡವರಿಸಿತು. ಕೆಲವು ಯುಎಸ್‌ಬಿ ಅಡಾಪ್ಟರುಗಳ ಒಳಗಿನ ಚಿಪ್ಪು ‘ಯುಎಎಸ್’ ಎಂಬ ವೇಗದ ವಿಧಾನವನ್ನು ಸರಿಯಾಗಿ ಪಾಲಿಸುವುದಿಲ್ಲವಂತೆ. ಅಂಥ ಅಡಾಪ್ಟರಿನ ಗುರುತಿನ ಸಂಖ್ಯೆಯನ್ನು ಎಲ್‌ಎಸ್‌ಯುಎಸ್‌ಬಿ ಆದೇಶದಿಂದ ನೋಡಿಕೊಂಡು, ‘ಇದರ ಜೊತೆ ಹಳೆಯ ನಿಧಾನದ ವಿಧಾನದಲ್ಲೇ ಮಾತಾಡು’ ಎಂದು ಬೂಟ್ ಭಾಗದ ಸಿಎಂಡಿಲೈನ್ ಫೈಲಿನಲ್ಲಿ ಸೇರಿಸಬೇಕು. ಸೇರಿಸಿದೆ. ರಿವ್ಯೂನ ಹಿಂದಿನ ಸಂಜೆ ಆರೂವರೆಗೆ ಲಾಗಿನ್ ಪರದೆ ಕಂಡಿತು.

ಮೂರು ವಾರದ ಲೆಕ್ಕ ಮಾತ್ರ ಹೋದದ್ದು ಹೋದದ್ದೇ. ರಿವ್ಯೂನಲ್ಲಿ ನಮ್ಮ ಗ್ರಾಫ್ ಒಂದು ರಾತ್ರಿಯದಷ್ಟೇ ಇತ್ತು. ‘ಇಷ್ಟೇನಾ?’ ಎಂದರು ಮೇಡಂ. ನಡೆದದ್ದನ್ನು ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ; ಅವರು ಮಾರ್ಕರ್ ಕೈಗೆ ಕೊಟ್ಟು, ‘ಪವರ್ ಕೊಟ್ಟ ಕ್ಷಣದಿಂದ ಲಾಗಿನ್ ಬರುವವರೆಗೆ ಏನೇನಾಗುತ್ತದೆ, ಬೋರ್ಡಿನ ಮೇಲೆ ಬರಿ’ ಎಂದರು. ಎರಡು ದಿನ ನಿದ್ದೆಗೆಟ್ಟವನಿಗೆ ಅದು ಬಾಯಿಪಾಠ. ಬರೆದು ಮುಗಿಸಿದಾಗ ಅವರು ಹೇಳಿದ ಮಾತನ್ನು ಕೆಲಸ ಹುಡುಕುತ್ತಿರುವ ಗೆಳೆಯರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ: ಎಂಬೆಡೆಡ್ ಲಿನಕ್ಸ್ ಕೆಲಸದ ಇಂಟರ್‌ವ್ಯೂಗಳಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದೇ. ಹೊಸ ಹಲಗೆಯೊಂದನ್ನು ಮೊದಲ ಸಲ ಎಬ್ಬಿಸುವುದೇ ಒಂದು ಉದ್ಯೋಗ, ಅದಕ್ಕೆ ‘ಬೋರ್ಡ್ ಬ್ರಿಂಗ್‌ಅಪ್’ ಎನ್ನುತ್ತಾರೆ. ಬೆಂಗಳೂರಿನ ಚಿಪ್ ಕಂಪನಿಗಳಲ್ಲಿ ಅದಕ್ಕೆಂದೇ ಎಂಜಿನಿಯರುಗಳಿದ್ದಾರೆ. ಪೈಥಾನ್ ಸರ್ಟಿಫಿಕೇಟು ಎಲ್ಲರ ರೆಸ್ಯೂಮೆಯಲ್ಲೂ ಇದೆ. ಸತ್ತ ಹಲಗೆಯನ್ನು ಎಬ್ಬಿಸಿದ ಕಥೆ ಕೆಲವರ ಬಳಿ ಮಾತ್ರ ಇರುತ್ತದೆ.

ಕೀಲಿ ಯಾರ ಕೈಯಲ್ಲಿ?

ಪೈಯ ಬಾಗಿಲಿಗೆ ಬೀಗ ಇರಲಿಲ್ಲ, ದಾರಿ ನನಗೆ ಗೊತ್ತಿರಲಿಲ್ಲ ಅಷ್ಟೆ. ಎಲ್ಲ ಆರ್ಮ್ ಯಂತ್ರಗಳೂ ಹಾಗಲ್ಲ ಎಂಬುದು ಆಮೇಲೆ ತಿಳಿಯಿತು.

2012ರಲ್ಲಿ ಮೈಕ್ರೊಸಾಫ್ಟ್ ವಿಂಡೋಸ್ ಆರ್‌ಟಿ ಎಂಬ ಆವೃತ್ತಿಯ ಜೊತೆ ಸರ್ಫೇಸ್ ಎಂಬ ಆರ್ಮ್ ಟ್ಯಾಬ್ಲೆಟ್ ತಂದಿತು. ಅದರಲ್ಲಿ ‘ಸೆಕ್ಯೂರ್ ಬೂಟ್’ ಆರಿಸಲು ಬಳಕೆದಾರನಿಗೆ ಅವಕಾಶವೇ ಇರಲಿಲ್ಲ. ಕಂಪನಿಯ ಸಹಿ ಇಲ್ಲದ ಆಪರೇಟಿಂಗ್ ಸಿಸ್ಟಮ್ ಏಳುವಂತಿಲ್ಲ. ಅದೇ ಕಾಲದ ಎಕ್ಸ್86 ಲ್ಯಾಪ್‌ಟಾಪುಗಳಲ್ಲಿ ಅದನ್ನು ಆರಿಸಬಹುದಿತ್ತು. ಕ್ರೋಮ್‌ಬುಕ್‌ನಲ್ಲಿ ಬಾಗಿಲಿದೆ: ಡೆವಲಪರ್ ಮೋಡ್‌ಗೆ ಹೋಗಿ ಯುಎಸ್‌ಬಿ ಬೂಟ್‌ಗೆ ಅನುಮತಿ ಕೊಟ್ಟರೆ, ಕಂಟ್ರೋಲ್ ಮತ್ತು ಯು ಒತ್ತಿ ಹೊರಗಿನ ಡಿಸ್ಕಿನಿಂದ ಎಬ್ಬಿಸಬಹುದು. ಆದರೆ ಒಳಗಿರುವ ನಿಮ್ಮ ಫೈಲುಗಳೆಲ್ಲ ಅಳಿದುಹೋಗುತ್ತವೆ, ಪ್ರತಿ ಸಲ ಏಳುವಾಗಲೂ ಎಚ್ಚರಿಕೆಯ ಪರದೆ ಬರುತ್ತದೆ. ಮೊದಲು ನಕಲು ತೆಗೆದಿಟ್ಟುಕೊಳ್ಳದೆ ಅದಕ್ಕೆ ಕೈ ಹಾಕಬೇಡಿ. ಆಪಲ್ 2020ರ ನವೆಂಬರ್‌ನಲ್ಲಿ ಎಂ1 ಚಿಪ್ಪಿನ ಮ್ಯಾಕ್‌ಗಳನ್ನು ತಂದಾಗ ಬೇರೆ ಆಪರೇಟಿಂಗ್ ಸಿಸ್ಟಮ್ಮಿಗೆ ಸಣ್ಣ ಬಾಗಿಲು ಬಿಟ್ಟಿತು, ಒಳಗೆ ಏನಿದೆ ಎಂಬ ನಕ್ಷೆ ಮಾತ್ರ ಕೊಡಲಿಲ್ಲ. ಹೆಕ್ಟರ್ ಮಾರ್ಟಿನ್ ಮತ್ತು ಗೆಳೆಯರು ಅಸಾಹಿ ಲಿನಕ್ಸ್ ಎಂಬ ಯೋಜನೆಯಲ್ಲಿ ಒಂದೊಂದೇ ಭಾಗವನ್ನು ತಡಕಿ ತಿಳಿದುಕೊಂಡು ನಕ್ಷೆ ಬರೆದರು. 2022ರ ಜುಲೈನಲ್ಲಿ ಟೋರ್ವಾಲ್ಡ್ಸ್ ಲಿನಕ್ಸ್ 5.19 ಬಿಡುಗಡೆ ಮಾಡಿದ್ದು ಅಸಾಹಿ ಓಡುತ್ತಿದ್ದ ಅಂಥದೊಂದು ಲ್ಯಾಪ್‌ಟಾಪಿನಿಂದ. ಆದರೂ ಈ ಮ್ಯಾಕ್‌ಗಳು ಏಳುವ ಮೊದಲ ಹೆಜ್ಜೆಗಳನ್ನು ಒಳಗಿನ ಡಿಸ್ಕಿನಿಂದಲೇ ಓದುತ್ತವೆ. ಅದು ಕೆಟ್ಟರೆ ಹೊರಗಿನ ಯಾವ ಡಿಸ್ಕೂ ಎಬ್ಬಿಸಲಾರದು.

ಇದೆಲ್ಲ ನಮಗೇಕೆ ಎನ್ನಬೇಡಿ. ಕಳೆದ ತಿಂಗಳು ಅತ್ತೆಯ ಮಗಳು ಬಿಸಿಎ ಸೇರಿದಳು. ಲ್ಯಾಪ್‌ಟಾಪ್ ಆರಿಸಲು ಮಾಮ ನನ್ನನ್ನು ಕರೆದುಕೊಂಡು ಹೋದರು. ಅಂಗಡಿಯವರು ತೆಳ್ಳಗಿನ ಹೊಸ ಲ್ಯಾಪ್‌ಟಾಪೊಂದನ್ನು ಮುಂದಿಟ್ಟು, ‘ಇಡೀ ದಿನ ಬ್ಯಾಟರಿ ಬರತೈತ್ರಿ’ ಎಂದರು. ಸ್ನ್ಯಾಪ್‌ಡ್ರ್ಯಾಗನ್ ಎಂಬ ಹೆಸರು ನೋಡಿ, ಇದು ಆರ್ಮ್ ಎಂದು ತಿಳಿದು, ‘ಇದರಾಗ ಪೆನ್‌ಡ್ರೈವ್‌ಲೆ ಲಿನಕ್ಸ್ ಏಳತೈತೇನ್ರಿ?’ ಎಂದು ಕೇಳಿದೆ. ಅವರು ಮಾಮನ ಮುಖ ನೋಡಿದರು. ‘ತಮ್ಮಾ, ವಿಂಡೋಸ್ ಹಾಕೇ ಕೊಡ್ತೀವಿ, ಅದ್ಯಾಕ ಬೇಕು?’

ಯಾಕೆ ಬೇಕೆಂದರೆ, ಐದು ವರ್ಷದ ನಂತರ ವಿಂಡೋಸ್ ಭಾರವಾಗಿ ಲ್ಯಾಪ್‌ಟಾಪ್ ಕುಂಟತೊಡಗಿದಾಗ ಹಗುರ ಲಿನಕ್ಸ್ ಹಾಕಿ ಇನ್ನೂ ನಾಲ್ಕು ವರ್ಷ ಓಡಿಸುವುದು ನಮ್ಮಂಥ ಮನೆಗಳ ರೂಢಿ. ಅಣ್ಣನದು ತಮ್ಮನಿಗೆ, ತಮ್ಮನದು ತಂಗಿಗೆ. 2024ರಿಂದ ಬಂದ ಈ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಲ್ಯಾಪ್‌ಟಾಪುಗಳಲ್ಲಿ ಯುಇಎಫ್‌ಐ ಇದೆ, ಸೆಕ್ಯೂರ್ ಬೂಟ್ ಆರಿಸಲೂಬಹುದು. ಆದರೆ ಲಿನಕ್ಸಿಗೆ ಆ ಮಾದರಿಯದೇ ಡಿವೈಸ್ ಟ್ರೀ ಬೇಕು. ಒಂದು ಮಾದರಿಯಲ್ಲಿ ಎಲ್ಲ ನಡೆದರೆ ಇನ್ನೊಂದರಲ್ಲಿ ವೈಫೈ ಇಲ್ಲ, ಮತ್ತೊಂದರಲ್ಲಿ ಧ್ವನಿ ಇಲ್ಲ. ಬ್ಯಾಟರಿ ಬೇಕು, ವಿಂಡೋಸ್ ಸಾಕು ಎನ್ನುವವರು ಧಾರಾಳವಾಗಿ ಕೊಳ್ಳಲಿ. ಮುಂದೆ ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕುವ ಯೋಚನೆ ಇದ್ದರೆ ಆ ಮಾದರಿಯ ಹೆಸರು ಬರೆದುಕೊಂಡು ಮನೆಗೆ ಬಂದು, ಲಿನಕ್ಸ್ ಅದರಲ್ಲಿ ಎಷ್ಟು ನಡೆಯುತ್ತದೆ ಎಂದು ಓದಿ, ಆಮೇಲೆ ದುಡ್ಡು ಕೊಡಿ. ‘ಅಳ್ಯಾ, ನೀ ಹೇಳಿದ್ದ ತಗೊಳ್ಳೋಣು’ ಎಂದ ಮಾಮ ಕೊನೆಗೆ ಸಾಧಾರಣ ಎಕ್ಸ್86 ಲ್ಯಾಪ್‌ಟಾಪನ್ನೇ ಕೊಂಡರು. ಅದರ ಬ್ಯಾಟರಿ ಸಂಜೆಯವರೆಗೂ ಬರುವುದಿಲ್ಲ ಎಂದು ಅತ್ತೆಯ ಮಗಳು ಈಗಲೂ ನನ್ನನ್ನು ಬೈಯುತ್ತಾಳೆ.

ಇದನ್ನೆಲ್ಲ ಓದುವಾಗ ಸಿಕ್ಕ ಒಂದು ಸಂಗತಿ ನನಗೆ ತೀರಾ ಹೊಸದು. ನಾನು ಹುಟ್ಟುವ ಮುಂಚೆಯೇ, 2001ರಲ್ಲಿ, ನಮ್ಮ ಬೆಂಗಳೂರಿನಲ್ಲೇ ಆರ್ಮ್ ಪ್ರೊಸೆಸರಿನ, ಲಿನಕ್ಸ್ ಓಡಿಸುವ ಅಂಗೈ ಕಂಪ್ಯೂಟರೊಂದು ಜನರ ಮುಂದೆ ಬಂದಿತ್ತು. ಅದರ ಹೆಸರು ಸಿಂಪ್ಯೂಟರ್. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಹಾಗೂ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರುಗಳು ಸೇರಿ ರೂಪಿಸಿದ್ದು. ಒಳಗಿದ್ದದ್ದು ಸ್ಟ್ರಾಂಗ್‌ಆರ್ಮ್ ಚಿಪ್ಪು. ಓದಲು ಬಾರದವರಿಗೂ ಉಪಯೋಗವಾಗಲೆಂದು ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಲ್ಲಿ ಪಠ್ಯವನ್ನು ಓದಿ ಹೇಳುವ ಪ್ರಯತ್ನವನ್ನೂ ಮಾಡಿದ್ದರು. ನನಗೆ ಹಿಡಿಸಿದ್ದು ಎರಡು ಅಂಶ. ಒಂದು, ಯಂತ್ರದ ವಿನ್ಯಾಸವನ್ನೇ ಮುಕ್ತ ಪರವಾನಗಿಯಲ್ಲಿ ಹಂಚುವ ಯೋಚನೆ. ನಕ್ಷೆಯೂ ನಿಮ್ಮದೇ, ಕೀಲಿಯೂ ನಿಮ್ಮದೇ. ಇನ್ನೊಂದು, ಸ್ಮಾರ್ಟ್ ಕಾರ್ಡ್. ಊರಿಗೆ ಒಂದೇ ಸಿಂಪ್ಯೂಟರ್ ಇರಲಿ, ಪ್ರತಿಯೊಬ್ಬರೂ ತಮ್ಮ ಮಾಹಿತಿಯ ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಬಂದು ಚುಚ್ಚಿ ಬಳಸಲಿ ಎಂಬ ಆಸೆ. ಹಾಸ್ಟೆಲ್‌ನಲ್ಲಿ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಲ್ಯಾಪ್‌ಟಾಪಿಂದ ಲ್ಯಾಪ್‌ಟಾಪಿಗೆ ಅಲೆಯುವ ನಮಗೆ ಇದು ಅರ್ಥವಾಗದೆ ಇರುತ್ತದೆಯೇ? 2004ರಲ್ಲಿ ಬಿಇಎಲ್ ಕಾರ್ಖಾನೆಯಿಂದ ‘ಅಮಿಡಾ ಸಿಂಪ್ಯೂಟರ್’ ಮಾರುಕಟ್ಟೆಗೂ ಬಂತು. ಮಾರಾಟ ಕೆಲವು ಸಾವಿರದ ಆಸುಪಾಸಿನಲ್ಲೇ ನಿಂತುಹೋಯಿತು. ಆಮೇಲೆ ಬಂದ ಮೊಬೈಲುಗಳು ಎಲ್ಲರ ಕೈಗೂ ಆರ್ಮ್ ಕೊಟ್ಟವು, ಕೀಲಿಯನ್ನು ಮಾತ್ರ ಬಹುಪಾಲು ತಮ್ಮಲ್ಲೇ ಇಟ್ಟುಕೊಂಡವು.

ನಮ್ಮ ಪೈ ಈಗಲೂ ತೋಟದ ಮನೆಯ ಮೊಳೆಗೇ ನೇತಾಡುತ್ತಿದೆ. ಎಸ್‌ಎಸ್‌ಡಿ ಬಂತೆಂದು ಕರೆಂಟಿನ ಕಾಟ ತಪ್ಪಲಿಲ್ಲ. ಅದಕ್ಕೇ ಅನಗತ್ಯ ಲಾಗ್‌ಗಳು ಡಿಸ್ಕಿಗೆ ಹೋಗದಂತೆ ಮಾಡಿ, ದಿನಕ್ಕೊಮ್ಮೆ ಲೆಕ್ಕದ ನಕಲು ನನ್ನ ಲ್ಯಾಪ್‌ಟಾಪಿಗೆ ಬರುವಂತೆ ಜೋಡಿಸಿದ್ದೇನೆ. ಕಳೆದ ವಾರ ಒಂದೇ ರಾತ್ರಿ ನಾಲ್ಕು ಸಲ ಕರೆಂಟು ಹೋಯಿತು. ನಾನು ಹಾಸ್ಟೆಲ್‌ನಲ್ಲಿದ್ದೆ. ಬೆಳಿಗ್ಗೆ ಆರಕ್ಕೆ ಅಪ್ಪನ ಫೋನು. ಕಬ್ಬಿನ ಸುದ್ದಿ, ಎಮ್ಮೆಯ ಸುದ್ದಿ ಎಲ್ಲ ಆದ ಮೇಲೆ, ಇಡುವ ಮುಂಚೆ ಹೇಳಿದರು: ‘ನಿನ್ನ ಡಬ್ಬಿ ಹಸರ ದೀಪ ಮಿಣಕ್ ಮಿಣಕ್ ಅನ್ನಾಕತ್ತೈತಿ. ನಾಕೂ ಸಲ ತಾನ ಎದ್ದೈತಿ.’